ಮುದಕಪ್ಪನವರು ಕೆರೆ ಕಾಯ್ದದ್ದು

ಕರಿಕಟ್ಟಿಯಲ್ಲಿ ಸೈಕಲ್ ಪಂಕ್ಚರ್ ತಿದ್ದುವ ಮುದಕಪ್ಪನಿಗೆ ಇದ್ದದ್ದು ಒಂದೇ ಆಸೆ: ಯಾರಾದರೂ ತನಗೆ ‘ರಿ’ ಹಚ್ಚಿ ಮಾತನಾಡಬೇಕು. ನಮ್ಮ ಕಡೆ ಈ ಅಕ್ಷರಕ್ಕೇನೂ ಬರಗಾಲವಿಲ್ಲ. ಬಸ್ಸಿನ ಕಂಡಕ್ಟರನಿಗೆ ಸಿಗುತ್ತದೆ, ದವಾಖಾನೆಯ ಕಂಪೌಂಡರನಿಗೆ ಸಿಗುತ್ತದೆ, ಬೀಗರ ಊರಿಂದ ಬಂದ ಎತ್ತಿಗೂ “ಸ್ವಲ್ಪ ಸರೀರಿ” ಎಂದವರುಂಟು. ಮುದಕಪ್ಪನಿಗೆ ಮಾತ್ರ ಸಿಕ್ಕಿರಲಿಲ್ಲ. ಹುಟ್ಟಿದಾಗಲೇ ಅಜ್ಜನ ಹೆಸರಿಟ್ಟು ಮುದುಕನನ್ನಾಗಿ ಮಾಡಿದ ಮನೆಯವರು ಮುದುಕರಿಗೆ ಸಲ್ಲುವ ಮರ್ಯಾದೆಯನ್ನು ಕೊಡಲು ಮರೆತಿದ್ದರು. ಶಾಲೆಯ ಪೋರರು ಕೂಡ “ಏ ಮುದಕಪ್ಪ, ಗಾಳಿ ಹಾಕು” ಎನ್ನುತ್ತಿದ್ದರು. ಹೆಂಡತಿ ಮೈಲಾರವ್ವ ಗಂಡನ ಹೆಸರು ಹೇಳಬಾರದೆಂದು ಹೆಸರನ್ನು ಬಿಟ್ಟವಳು, ಅದರ ಜೊತೆಗೆ ‘ರಿ’ಯನ್ನೂ ಬಿಟ್ಟಿದ್ದಳು.

ಅಂಗಡಿಯಲ್ಲಿ ಕೆಲಸ ಕಡಿಮೆ. ಆದ್ದರಿಂದ ಮುದಕಪ್ಪ ಹೆಚ್ಚಾಗಿ ಊರ ಕೆರೆಯ ದಂಡೆಯ ಮೇಲೆ ಗಾಳ ಹಾಕಿಕೊಂಡು ಕೂತಿರುತ್ತಿದ್ದ. ಅಲ್ಲಿ ಅವನಿಗೆ ಇಬ್ಬರು ಸಂಗಾತಿಗಳು. ಒಬ್ಬ ಕೂಲಿಯ ಲಕ್ಕಪ್ಪ. ಹೊಲದ ಕೆಲಸ ಸಿಕ್ಕ ದಿನ ಹೊಲ, ಸಿಗದ ದಿನ ಕೆರೆ. ಇನ್ನೊಬ್ಬಳು ಜುಲೇಖಾಬಿ. ವಿಧವೆ, ಹಲ್ಲು ಉದುರಿದವಳು, ನಾಲಿಗೆ ಮಾತ್ರ ಹೊಸದರಂತೆ ಇಟ್ಟುಕೊಂಡವಳು. ಈ ದಂಡೆಗೊಂದು ಕಟ್ಟಳೆ ಇತ್ತು. ಮೃಗಶಿರ, ಆರಿದ್ರ ಮಳೆಗಳಲ್ಲಿ ಮೀನಿನ ಹೊಟ್ಟೆಯಲ್ಲಿ ತತ್ತಿ ಇರುವಾಗ ಗಾಳ ಹಾಕಬಾರದು. ಅಂಗೈಗಿಂತ ಸಣ್ಣದು ಸಿಕ್ಕರೆ ತಿರುಗಿ ನೀರಿಗೆ ಬಿಡಬೇಕು. ಬಲೆ ತಂದವನನ್ನು ಅಟ್ಟಬೇಕು. ಹತ್ತಿಯ ಹುಳಕ್ಕೆ ಹೊಡೆಯುವ ಔಷಧಕ್ಕೆ ನಮ್ಮಲ್ಲಿ ‘ಎಣ್ಣಿ’ ಎನ್ನುತ್ತಾರೆ. ಆ ಎಣ್ಣಿ ಹೊಡೆದ ಪಂಪನ್ನು ತೊಳೆಯಲು ಯಾವನಾದರೂ ನೀರಿಗಿಳಿದರೆ ಜುಲೇಖಾಬಿ ಎದ್ದು ನಿಲ್ಲುತ್ತಿದ್ದಳು. ಆಕೆ ಶುರುಮಾಡಿದಳೆಂದರೆ ಅವನು ಪಂಪಿನ ಸಮೇತ ಮುಂದಿನ ಊರು ಮುಟ್ಟುವ ತನಕ ತಿರುಗಿ ನೋಡುತ್ತಿರಲಿಲ್ಲ.

ಕಟ್ಟಳೆಗಳನ್ನು ಲಕ್ಕಪ್ಪ ಪಾಲಿಸುತ್ತಿದ್ದ. ಮುದಕಪ್ಪ ಒಪ್ಪುತ್ತಿದ್ದ. ಒಪ್ಪುವುದಕ್ಕೂ ಪಾಲಿಸುವುದಕ್ಕೂ ಅಂತರವಿದೆ ಎಂಬುದು ಅವನ ಟೊಪ್ಪಿಗೆಯೊಳಗೆ ಆಗಾಗ ಒದ್ದಾಡುತ್ತಿದ್ದ ಸಣ್ಣ ಮೀನುಗಳಿಗೆ ಗೊತ್ತಿತ್ತು.

ಎಂಬತ್ನಾಲ್ಕನೆಯ ಇಸವಿಯ ಶ್ರಾವಣದಲ್ಲಿ ಒಂದು ಸೋಮವಾರ. ಶ್ರಾವಣವಿಡೀ ಮೈಲಾರವ್ವನ ಮನೆಯಲ್ಲಿ ಮೀನಿನ ಹೆಸರು ಎತ್ತುವಂತಿರಲಿಲ್ಲ. ಮುದಕಪ್ಪ ಗುಡಿಗೆ ಹೋಗಿ ಬರುತ್ತೇನೆಂದು ಹೇಳಿ, ಕೈಯಲ್ಲಿ ತೆಂಗಿನಕಾಯಿಯನ್ನೂ ಹಿಡಿದು, ನೆಟ್ಟಗೆ ಕೆರೆಗೆ ಬಂದ. ದೇವರ ದಯೆ ಎಂಥದೆಂದರೆ, ಆವತ್ತೇ ಅವನ ಜನ್ಮದಲ್ಲಿ ಸಿಗದಂಥ ಮೀನು ಸಿಕ್ಕಿತು. ತೋಳುದ್ದದ್ದು, ಕರಿಬೆನ್ನಿನದು. ಅದನ್ನು ಎದೆಗವಚಿಕೊಂಡು ಕೊಕ್ಕೆ ಬಿಡಿಸುತ್ತಿರುವಾಗ ಏರಿಯ ಮೇಲೆ ಜೀಪಿನ ಸದ್ದು ಕೇಳಿತು.

ಆ ಕಡೆ ಜೀಪು ಬರುವುದೆಂದರೆ ಒಂದೇ: ಮೈಲಾರವ್ವನ ಅಣ್ಣ ಕಲಘಟಗಿಯ ಆಫೀಸೊಂದರಲ್ಲಿ ಜೀಪು ಹೊಡೆಯುತ್ತಿದ್ದ, ಕಂಡದ್ದನ್ನೆಲ್ಲ ತಂಗಿಗೆ ಮುಟ್ಟಿಸುತ್ತಿದ್ದ. ಮುದಕಪ್ಪ ಹಿಂದೆ ತಿರುಗಿ ನೋಡಲಿಲ್ಲ. ಗಾಳದ ಕೋಲನ್ನು ಹುಲ್ಲಿಗೆ ಎಸೆದ. ಮೀನನ್ನು ನೀರಿಗೆ ಎಸೆದ. ಕೈ ಮುಗಿದು ಕೆರೆಯ ಕಡೆ ಮುಖಮಾಡಿ ನಿಂತ.

ಜೀಪಿನಿಂದ ಇಳಿದವರು ಭಾವನಲ್ಲ. ಧಾರವಾಡದ ವಕೀಲ ಮಡಿವಾಳೆಪ್ಪನವರು, ಅವರ ಹಿಂದೆ ಕೊರಳಲ್ಲಿ ಕ್ಯಾಮೆರಾ ತೂಗುಹಾಕಿಕೊಂಡ ಒಬ್ಬರು. ವಕೀಲರು ‘ಜಲಜೀವಿ ದಯಾ ಮಂಡಳಿ’ ಎಂಬ ಸಂಘ ಕಟ್ಟಿದ್ದರು. ನೀರಿನಲ್ಲಿರುವ ಒಂದು ಜೀವವೂ ಮನುಷ್ಯನ ಕೈಯಿಂದ ಸಾಯಬಾರದು ಎಂಬುದು ಅವರ ನಿಲುವು. ಒಳ್ಳೆಯ ಮನುಷ್ಯ, ಸೊಳ್ಳೆ ಕಚ್ಚಿದರೂ ಊದಿ ಕಳಿಸುತ್ತಿದ್ದರು.

“ಬಿಟ್ಟಿರೇನ್ರಿ? ಕೈಯಾಗ ಬಂದ ಜೀವಾನ ನೀರಿಗೆ ಬಿಟ್ಟಿರೇನ್ರೀ?” ಎಂದು ಅವರು ಏರಿಯಿಂದ ಓಡುತ್ತಲೇ ಇಳಿದು ಬಂದರು.

ಮುದಕಪ್ಪನ ಕಿವಿಗೆ ಮೀನು ಬೀಳಲಿಲ್ಲ, ಜೀವ ಬೀಳಲಿಲ್ಲ, ‘ರಿ’ ಬಿತ್ತು. ಅದೂ ಒಂದಲ್ಲ. ‘ಜಾರಿತ್ರಿ’ ಎನ್ನಲು ಬಾಯಿ ತೆರೆದವನು “ಬಿಟ್ಟೀನ್ರಿ” ಎಂದ.

“ಯಾಕ್ ಬಿಟ್ಟಿರಿ?”

“ಶ್ರಾವಣ ಐತ್ರಿ” ಎಂದ ಮುದಕಪ್ಪ. ಅವನು ಆವತ್ತು ಆಡಿದ ಸತ್ಯ ಅದೊಂದೇ.

ವಕೀಲರು ಹುಲ್ಲಿನಲ್ಲಿ ಬಿದ್ದಿದ್ದ ಕೋಲನ್ನು ನೋಡಿದರು. “ಯಾರೋ ಪಾಪಿ ಹಾಕಿದ ಗಾಳದಿಂದ ಬಿಡಿಸೀರಿ, ಹೌದಲ್ರಿ?”

ಮುದಕಪ್ಪ ಆಚೆ ದಂಡೆಯತ್ತ ನೋಡಿದ. ಅಲ್ಲಿ ಜಾಲಿ ಗಿಡದ ಕೆಳಗೆ ಲಕ್ಕಪ್ಪ, ಜುಲೇಖಾಬಿ ಎಲ್ಲವನ್ನೂ ನೋಡುತ್ತ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. “ಹೌದ್ರಿ” ಎಂದ ಮುದಕಪ್ಪ, “ಯಾರೋ ಹಾಕಿದ್ರಿ.”

ಕ್ಯಾಮೆರಾ ಕ್ಲಿಕ್ ಎಂದಿತು.

ವಾರದೊಳಗೆ ಮುದಕಪ್ಪನ ಫೋಟೋ ಪೇಪರಿನಲ್ಲಿ ಬಂತು: ಕೆರೆಗೆ ಕೈಮುಗಿದ ಭಂಗಿ, ಕೆಳಗೆ ‘ಮೂಕ ಮೀನುಗಳ ಬಂಧು’ ಎಂಬ ಬಿರುದು. ಮೈಲಾರವ್ವ ಮೊದಲು “ಗುಡಿಗೆ ಹೋದಾಂವ ಕೆರ್‍ಯಾಗ ಯಾಕಿದ್ದಿ?” ಎಂದು ಲಟ್ಟಣಿಗೆ ಎತ್ತಿದಳು. ಆಮೇಲೆ ಯಾರೋ ಓದಿ ಹೇಳಿದರು. ಲಟ್ಟಣಿಗೆ ಇಳಿಯಿತು. ಇಂಥ ಪುಣ್ಯವಂತನ ಮನೆಯಲ್ಲಿ ಮೀನು ಬೇಯುವುದೆಂದರೇನು? ಶ್ರಾವಣ ಮುಗಿದರೂ ಮೀನಿಲ್ಲ, ದಸರೆ ಬಂದರೂ ಮೀನಿಲ್ಲ, ಇನ್ನು ಜೀವ ಇರುವ ತನಕ ಇಲ್ಲ ಎಂದು ಆಕೆ ಮೀನಿನ ಗಡಿಗೆಯನ್ನು ತಿಪ್ಪೆಗೆ ಒಗೆದಳು. ಮೀನಿಗಾಗಿಯೇ ಬದುಕಿದ್ದ ಮುದಕಪ್ಪ ಆ ಗಡಿಗೆ ಒಡೆದ ಸದ್ದನ್ನು ಹುತಾತ್ಮನಂತೆ ಕೇಳಿಸಿಕೊಂಡ.

ಮುಂದಿನ ಸಲ ವಕೀಲರು ಬಂದದ್ದು ಶಾಲು, ಸೀಟಿ ಮತ್ತು ಒಂದು ತಗಡಿನ ಬೋರ್ಡಿನೊಂದಿಗೆ. ಚಾವಡಿಯ ಮುಂದೆ ಸಭೆ ಸೇರಿತು. ಪಂಚಾಯಿತಿ ಚೇರ್ಮನ್ ಅಮೋಘಸಿದ್ದಪ್ಪ ಅಧ್ಯಕ್ಷ. ಕೆರೆಯ ಬದಿಯ ಹತ್ತಿಯ ಹೊಲವೆಲ್ಲ ಅವನದೇ. ಬೋರ್ಡಿನ ಮೇಲೆ ‘ಈ ಕೆರೆಯಲ್ಲಿ ಗಾಳ, ಬಲೆ, ಬುಟ್ಟಿ ಹಾಕುವುದನ್ನು ನಿಷೇಧಿಸಲಾಗಿದೆ’ ಎಂದು ಬರೆದಿತ್ತು.

ಲಕ್ಕಪ್ಪ ಎದ್ದು ನಿಂತ. “ಸಾಹೇಬ್ರ, ನಾವೂ ಕೆರೀನ ಕಾಯ್ತೀವ್ರಿ. ಸಣ್ಣದು ಬಿಡ್ತೀವಿ, ತತ್ತಿ ಇದ್ದಾಗ ಮುಟ್ಟಂಗಿಲ್ಲ. ನಾಳಿ ತಿನ್ನಾಕ ಬೇಕಲ್ರಿ, ಅದಕ್ಕ ಇವತ್ತ ಉಳಸ್ತೀವಿ.”

“ತಮ್ಮಾ” ಎಂದರು ವಕೀಲರು. ದನಿಯಲ್ಲಿ ಸಿಟ್ಟಿರಲಿಲ್ಲ. “ಕುರಿಗೆ ಮೇವು ಹಾಕಾಂವ ಕಟುಕನೂ ಹೌದು, ಅಂವಗೂ ಕುರಿ ಮ್ಯಾಲೆ ಪ್ರೀತಿ ಇರ್ತದ. ಬಾಯಿಗೆ ಕೊಕ್ಕಿ ಸಿಗಿಸಿ ಎಳದು, ಸಣ್ಣದೈತಿ ಅಂತ ತಿರುಗಿ ಬಿಟ್ರ ಅದರ ತುಟಿ ಹರಿದದ್ದು ಕೂಡ್ತದೇನು? ನಿನ್ನ ತುಟಿಗೆ ಹಾಕಿದ್ರ?”

ಲಕ್ಕಪ್ಪ ತನ್ನ ತುಟಿಯನ್ನು ಮುಟ್ಟಿ ನೋಡಿಕೊಂಡ. ಅವನ ಬಳಿ ಉತ್ತರವಿರಲಿಲ್ಲ, ಮಾತು ಖರೆಯಾಗಿತ್ತು.

ಜುಲೇಖಾಬಿಯ ಬಳಿ ಇತ್ತು. “ನನ್ನ ತುಟಿಗೆ ಯಾರೂ ಕೊಕ್ಕಿ ಹಾಕಿಲ್ರಿ ವಕೀಲ್ರ, ಆದ್ರೂ ಹೊಟ್ಟಿ ಹರಿದೈತಿ. ಅದನ್ನ ಯಾವ ಮಂಡಳಿಯವ್ರು ಹೊಲಿತಾರ್ರಿ?”

ಜನ ನಕ್ಕರು. ವಕೀಲರು ನಗಲಿಲ್ಲ. “ಅಮ್ಮಾ, ನಾ ಸಣ್ಣಾಂವ ಇದ್ದಾಗ ನಮ್ಮೂರ ಹಳ್ಳದಾಗ ಮೀನ ಇದ್ವು. ಎಲ್ರೂ ನಿಮ್ಮಂಗ ಸ್ವಲ್ಪ ಸ್ವಲ್ಪ ಹಿಡದ್ರು. ಈಗ ಒಂದೂ ಇಲ್ಲ” ಎಂದು ಕಣ್ಣೊರೆಸಿಕೊಂಡರು. ಆ ಕಣ್ಣೀರು ಸುಳ್ಳಾಗಿರಲಿಲ್ಲ. ಅದೇ ತೊಂದರೆ. ಸುಳ್ಳಾಗಿದ್ದರೆ ಜುಲೇಖಾಬಿ ಗೆಲ್ಲುತ್ತಿದ್ದಳು.

“ಈ ಬಗ್ಗೆ ಮುದಕಪ್ಪನವರು ಏನ್ ಹೇಳ್ತಾರ?” ಎಂದ ಅಮೋಘಸಿದ್ದಪ್ಪ.

ಮುದಕಪ್ಪನವರು ಎದ್ದರು. ಒಂದು ಕಡೆ ಲಕ್ಕಪ್ಪ, ಒಂದು ಕಡೆ ಶಾಲು. “ಮೀನ ಹಿಡೀಬೇಕ್ರಿ” ಎಂದರು. ಲಕ್ಕಪ್ಪ ತಲೆಯಾಡಿಸಿದ. “ಆದ್ರ ಹಿಡೀಬಾರ್ದ್ರಿ.” ವಕೀಲರು ತಲೆಯಾಡಿಸಿದರು. “ಹಿಡಿಯೂದು ಅಂದ್ರೇನು, ಬಿಡೂದು ಅಂದ್ರೇನು, ಎಲ್ಲಾ ಅವನ ಆಟ.” ಇದಕ್ಕೆ ಇಡೀ ಸಭೆ ಚಪ್ಪಾಳೆ ತಟ್ಟಿತು. ಯಾಕೆಂದರೆ ಅದು ಯಾರಿಗೂ ಅರ್ಥವಾಗಿರಲಿಲ್ಲ.

ಜುಲೇಖಾಬಿ ತಡೆಯಲಾರದೆ, “ಅರೇ, ಅವತ್ತ ಆ ಮೀನ ಇಂವ ಬಿಟ್ಟಿದ್ದು ಯಾಕಂದ್ರ...” ಎಂದು ಎದ್ದಳು. ಲಕ್ಕಪ್ಪ ಆಕೆಯ ಸೆರಗು ಜಗ್ಗಿ ಕೂರಿಸಿದ. “ಇರ್ಲಿ ಬಿಡಬೇ. ನಮ್ಮ ಮುದಕಣ್ಣ ಒಂದ್ ದಿನ ದೊಡ್ಡಾಂವ ಆಗ್ಲಿ.”

ಹೀಗೆ ಮುದಕಪ್ಪನವರು ಕೆರೆ ರಕ್ಷಕರಾದರು. ಶಾಲು ಹೆಗಲೇರಿತು, ಸೀಟಿ ಕೊರಳಿಗೆ ಬಿತ್ತು.

ರಕ್ಷಕರಾದ ಮೇಲೆ ರಕ್ಷಿಸಬೇಕಲ್ಲ. ಕೆಲವು ದಿನ ಲಕ್ಕಪ್ಪ ಎಂದಿನಂತೆ ಬಂದು ಗಾಳ ಹಾಕಿದ. ಮುದಕಪ್ಪ ಬೇರೆ ದಿಕ್ಕಿಗೆ ತಿರುಗಿ ಸೀಟಿ ಊದಿದ. ಇಬ್ಬರಿಗೂ ತೊಂದರೆ ಇರಲಿಲ್ಲ. ಆದರೆ ಒಂದು ಮಧ್ಯಾಹ್ನ ಯಾವುದೋ ಕುರಿ ಕಳವಿನ ವಿಚಾರಣೆಗೆ ಬಂದಿದ್ದ ಪೊಲೀಸನೊಬ್ಬ ಸೀಟಿ ಕೇಳಿ ಓಡಿ ಬಂದ.

“ಯಾರ್ರೀ ಸೀಟಿ ಊದಿದವ್ರು?”

ಪೊಲೀಸನೇ ‘ರಿ’ ಎಂದಿದ್ದ. ಮುದಕಪ್ಪನ ಬೆನ್ನು ನೆಟ್ಟಗಾಯಿತು. “ನಾನ್ರಿ. ಕೆರಿ ರಕ್ಷಕ.”

“ಏನಾತ್ರಿ?”

ಲಕ್ಕಪ್ಪ ಎದುರಿಗೇ ಕೂತಿದ್ದ, ಕೋಲು ಕೈಯಲ್ಲಿತ್ತು. ಅವನು ಮುದಕಪ್ಪನ ಮುಖ ನೋಡಿ ನಕ್ಕ. ಈ ಸಲವೂ ಏನಾದರೂ ಹೊಂದಿಸಿ ಹೇಳುತ್ತಾನೆಂದು ಅವನ ನಂಬಿಕೆ. ಮುದಕಪ್ಪನೂ ಹಾಗೇ ಅಂದುಕೊಂಡಿದ್ದ. ಆದರೆ ಬೋರ್ಡು ಹಿಂದೆ ನಿಂತಿತ್ತು, ಪೊಲೀಸ ಮುಂದೆ ನಿಂತಿದ್ದ, ಬಾಯಿ ಎಂದಿನಂತೆ ತಾನೇ ಮಾತಾಡಿತು: “ಗಾಳ ಹಾಕ್ಯಾನ್ರಿ.”

ಪೊಲೀಸ ಲಕ್ಕಪ್ಪನ ಕೋಲನ್ನು ಮೊಣಕಾಲಿಗೆ ಹಚ್ಚಿ ಮುರಿದ. ಅವನನ್ನು ಸಂತೆಯ ನಡುವಿನಿಂದ ನಡೆಸಿಕೊಂಡು ಕಲಘಟಗಿಗೆ ಒಯ್ದು, ಸಂಜೆಯ ತನಕ ಠಾಣೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂರಿಸಿ ಬಿಟ್ಟ. ಮೀನು ಹಿಡಿದದ್ದಕ್ಕೆ ಅಷ್ಟೇ. ಬಿಡುವಾಗ ಹೆಚ್ಚಿನ ಲೆಕ್ಕಕ್ಕೆ ಎರಡು ಬಾರಿಸಿದ.

ಮರುದಿನ ಮುದಕಪ್ಪ ಅವನ ಮನೆಯ ಮುಂದೆ ಹೋಗಿ ಕೆಮ್ಮಿದ. ಹೊರಬಂದವಳು ಲಕ್ಕಪ್ಪನ ಹೆಂಡತಿ ತಾಯವ್ವ. “ಅಂವ ಇಲ್ಲ ಅಣ್ಣಾ. ಚೇರ್ಮನ್ನರ ಹತ್ತಿಗೆ ಎಣ್ಣಿ ಹೊಡಿಯಾಕ ಹೋಗ್ಯಾನ” ಎಂದು ಹೇಳಿ ಒಳಗೆ ಹೋದಳು.

ದಂಡೆ ಖಾಲಿಯಾಯಿತು. ಜುಲೇಖಾಬಿ ಮಗಳ ಊರಾದ ಗುಡಗೇರಿಗೆ ಹೋಗಿ ಕುಳಿತಳು. ಗಾಳವಿಲ್ಲದೆ ಕೆರೆಯ ಮುಂದೆ ಕೂರುವುದು ಎಷ್ಟು ಬೇಸರದ ಕೆಲಸ ಎಂಬುದನ್ನು ಮುದಕಪ್ಪ ಆಗ ಕಂಡುಕೊಂಡ. ನೀರು ನೋಡಬೇಕು, ಆಕಳಿಸಬೇಕು. ರಕ್ಷಕರು ಅಂಗಡಿಗೆ ಮರಳಿದರು. ಕೆರೆಯನ್ನು ಬೋರ್ಡು ಕಾಯುತ್ತಿತ್ತು.

ಆ ವರ್ಷ ಹತ್ತಿಗೆ ಹುಳ ವಿಪರೀತ. ಊರೆಲ್ಲ ಎಣ್ಣಿಯ ವಾಸನೆ. ಒಂದು ಸಂಜೆ ಮುದಕಪ್ಪ ಕೆರೆಯ ಕಡೆ ಹೋದಾಗ ಮೆಟ್ಟಿಲ ಮೇಲೆ ಪಂಪುಗಳ ಸಾಲೇ ಇತ್ತು. ನೀರಲ್ಲಿ ಮೊಣಕಾಲು ಮಟ ನಿಂತು ಪಂಪು ತೊಳೆಯುತ್ತಿದ್ದವರಲ್ಲಿ ಒಬ್ಬ ಲಕ್ಕಪ್ಪ. ಕೆರೆಯ ಮೇಲೆ ಹಾಲಿನಂಥ ಬಿಳಿಯ ಪೊರೆ ಹರಿದು ಹೋಗುತ್ತಿತ್ತು.

ಮುದಕಪ್ಪ ಸೀಟಿ ಊದಿದ. ಯಾರೂ ತಲೆ ಎತ್ತಲಿಲ್ಲ.

“ಲಕ್ಕಪ್ಪಾ, ಲೇ! ನೀನೂ ಜುಲೇಖಾಬೀನೂ ಕೂಡಿ ಇವರ್ನೆಲ್ಲಾ ಬೈದು ಓಡಸ್ತಿದ್ರಿ. ಈಗ ನೀನ ತೊಳಿಯಾಕತ್ತೀಯಲ್ಲೋ!”

ಲಕ್ಕಪ್ಪ ಪಂಪನ್ನು ನೀರಲ್ಲಿ ಅದ್ದಿ, ಅಲುಗಿಸಿ, ನಿಧಾನಕ್ಕೆ ಬಗ್ಗಿಸಿದ. ಅವನ ಕಣ್ಣುಗಳು ಕೆಂಪಾಗಿದ್ದವು. ಅಂಗಿ ಎಣ್ಣಿಯಲ್ಲಿ ತೊಯ್ದು ಮೈಗೆ ಅಂಟಿತ್ತು.

“ಆವಾಗ ಕೆರಿ ನಮ್ದಿತ್ರಿ” ಎಂದ. “ಈಗ ನಿಮ್ದೈತಿ.”

ಮುದಕಪ್ಪ ಇಷ್ಟು ವರ್ಷ ಕಾದಿದ್ದ ಆ ಅಕ್ಷರ ಲಕ್ಕಪ್ಪನ ಬಾಯಿಂದಲೂ ಬಂತು. ಅದನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ಅವನಿಗೆ ತಿಳಿಯಲಿಲ್ಲ.

ಅವನು ಅಮೋಘಸಿದ್ದಪ್ಪನ ಮನೆಗೆ ಓಡಿದ. ಚೇರ್ಮನ್ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೇಳಿಸಿಕೊಂಡು, “ಮುದಕಪ್ಪನವರ, ಬೋರ್ಡಿನಾಗ ಪಂಪ ಅಂತ ಬರದೈತೇನ್ರಿ?” ಎಂದ.

ಮುದಕಪ್ಪ ಹೋಗಿ ಬೋರ್ಡನ್ನು ಮತ್ತೆ ಓದಿದ. ಗಾಳ, ಬಲೆ, ಬುಟ್ಟಿ. ಪಂಪು ಇರಲಿಲ್ಲ. ಬೆಳಿಗ್ಗೆಯ ಬಸ್ಸಿಗೆ ಧಾರವಾಡಕ್ಕೆ ಹೋದ. ವಕೀಲರು ಅವನನ್ನು ಕುರ್ಚಿಯ ಮೇಲೆ ಕೂರಿಸಿ, ಚಹಾ ಕುಡಿಸಿ, ಕಳವಳದಿಂದ ಎಲ್ಲವನ್ನೂ ಕೇಳಿದರು. “ಖರೇನ ಗಂಭೀರ ವಿಷಯ. ಆದ್ರ ಬೋರ್ಡಿನಾಗ ಒಂದು ಶಬ್ದ ಸೇರಸಬೇಕಂದ್ರ ಮಂಡಳಿಯ ಸಭೆ ಕರೀಬೇಕ್ರಿ. ದೀಪಾವಳಿ ಆದ ಮ್ಯಾಲೆ ಕರಿಯೂಣು. ಅಲ್ಲೀತನಕ ಗಾಳ ಯಾರೂ ಹಾಕದಂಗ ನೋಡಿಕೋರಿ.”

ದೀಪಾವಳಿಗಿಂತ ಮೊದಲೇ ಒಂದು ಮುಂಜಾನೆ ಕೆರೆ ಬೆಳ್ಳಗಾಯಿತು. ಮೀನುಗಳೆಲ್ಲ ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಿದ್ದವು. ಅಂಗೈಯಷ್ಟಿನವು, ಬೆರಳಷ್ಟಿನವು, ಕಡ್ಡಿಯಷ್ಟಿನವು. ಕೆರೆಯಲ್ಲಿ ಇಷ್ಟು ಮೀನಿತ್ತೆಂದು ಹಿಡಿಯುವವರಿಗೂ ಗೊತ್ತಿರಲಿಲ್ಲ. ಕೆಲವರು ಬುಟ್ಟಿ ತಂದರು. ಮುದಕಪ್ಪ ಅವರ ಕಾಲಿಗೆ ಅಡ್ಡಬಿದ್ದು, “ತಿನಬ್ಯಾಡ್ರೋ, ಎಣ್ಣಿ ಐತ್ರೋ” ಎಂದು ಅರಚಿ ತಡೆದ. ರಕ್ಷಕನಾಗಿ ಅವನು ಮಾಡಿದ ಕೆಲಸ ಅದೊಂದು.

ಮಧ್ಯಾಹ್ನದ ಹೊತ್ತಿಗೆ ಜೀಪಿನಲ್ಲಿ ಮೂವರು ಸಾಹೇಬರು ಬಂದರು: ಮೀನಿನವರು, ಆರೋಗ್ಯದವರು, ನೀರಿನವರು. ಮೂಗಿಗೆ ಕರವಸ್ತ್ರ ಹಿಡಿದುಕೊಂಡು ದಂಡೆಯ ಮೇಲೆ ನಿಂತರು.

“ಈಜುವ ಮೀನು ಮಾತ್ರ ನಮಗೆ ಬರ್ತದ್ರಿ” ಎಂದರು ಮೀನಿನ ಸಾಹೇಬರು. “ಸತ್ತದ್ದು ಹೊಲಸು. ಅದು ಆರೋಗ್ಯದವರದು.”

“ಹೊಲಸು ಊರೊಳಗಿದ್ರ ನಮ್ದು” ಎಂದರು ಆರೋಗ್ಯದ ಸಾಹೇಬರು. “ಇದು ನೀರಿನಾಗ ಐತಿ. ನೀರಿನವರದು.”

“ನೀರಷ್ಟ ನಮ್ದ್ರಿ” ಎಂದರು ನೀರಿನ ಸಾಹೇಬರು. “ನೀರಿನ ಮ್ಯಾಲಿಂದು ನಮ್ದಲ್ಲ. ಮುಳುಗಿದ್ರ ವಿಚಾರ ಮಾಡಬಹುದು.”

ಮೀನು ಮುಳುಗುತ್ತದೋ ಎಂದು ಮೂವರೂ ಸ್ವಲ್ಪ ಹೊತ್ತು ಕಾದರು.

ಆಗ ಹತ್ತಿಯ ಹೊಲದ ಕಡೆಯಿಂದ ತಾಯವ್ವ ಓಡಿ ಬಂದಳು. ಅವಳ ಹಿಂದೆ ಇಬ್ಬರು ಆಳುಗಳು ಲಕ್ಕಪ್ಪನನ್ನು ಕಂಬಳಿಯಲ್ಲಿ ಹೊತ್ತಿದ್ದರು. ಬೆಳಗಿನಿಂದ ಗಾಳಿಗೆ ಎದುರಾಗಿ ಎಣ್ಣಿ ಹೊಡೆದವನು, ಆ ಕೈಯಲ್ಲೇ ರೊಟ್ಟಿ ತಿಂದು, ಎದ್ದು ಪಂಪು ಹೊರುವಾಗ ಬಿದ್ದಿದ್ದ. ಬಾಯಲ್ಲಿ ಬುರುಗು, ಮೈಯೆಲ್ಲ ಬೆವರು, ಕೈಕಾಲು ಅದುರುತ್ತಿದ್ದವು.

“ಜೀಪಿನ್ಯಾಗ ಹಾಕ್ಕೊಂಡ ಹೋಗ್ರೀ ಯಪ್ಪಾ” ಎಂದಳು ತಾಯವ್ವ.

ಸಾಹೇಬರು ಕಲ್ಲಿನವರಲ್ಲ. ಮೂವರೂ ಒಟ್ಟಿಗೇ ಜೀಪಿನತ್ತ ಓಡಿದರು. ಆವತ್ತು ಅವರು ಒಮ್ಮತದಿಂದ ಮಾಡಿದ್ದು ಅದನ್ನೇ. ಆದರೆ ಜೀಪಿನಲ್ಲಿ ಕೀಲಿ ಇರಲಿಲ್ಲ. ಡ್ರೈವರ್ ಚೇರ್ಮನ್ನರ ಮನೆಗೆ ಊಟಕ್ಕೆ ಹೋಗಿದ್ದ. ಅವನನ್ನು ಕರೆತರಲು ಒಬ್ಬರು ಇನ್ನೊಬ್ಬರನ್ನು ಕಳಿಸಿದರು. ಹೋದವರನ್ನು ಅಲ್ಲಿ ಊಟಕ್ಕೆ ಕೂರಲು ಒತ್ತಾಯಿಸಿದರಂತೆ.

ಮುದಕಪ್ಪ ಕಾಯಲಿಲ್ಲ. ಯಾರದೋ ಸೈಕಲ್ ಎಳೆದುಕೊಂಡು, ಲಕ್ಕಪ್ಪನನ್ನು ಕ್ಯಾರಿಯರ್ ಮೇಲೆ ಕೂರಿಸಿ, ತನ್ನ ಶಾಲಿನಿಂದ ಅವನನ್ನು ತನ್ನ ಬೆನ್ನಿಗೆ ಕಟ್ಟಿಕೊಂಡ. ದೇವಿಕೊಪ್ಪದ ರಸ್ತೆಗೆ ಹೋದರೆ ಲಾರಿಯಾದರೂ ಸಿಕ್ಕೀತು. ಕೆಸರಿನ ದಾರಿ, ಏರು. ತುಳಿದ. ಹಿಂದಿನಿಂದ ಲಕ್ಕಪ್ಪ ಏನೋ ಗೊಣಗುತ್ತಿದ್ದ. “ಏನಂದಿ ಲಕ್ಕಪ್ಪಾ?” ಎಂದು ಮುದಕಪ್ಪ ಕೇಳುತ್ತಲೇ ಇದ್ದ, ತುಳಿಯುತ್ತಲೇ ಇದ್ದ. ಬೆನ್ನಿನ ಅದುರು ನಿಂತದ್ದು ಅವನಿಗೆ ಗೊತ್ತಾಯಿತು. ಆದರೂ ರಸ್ತೆ ಬರುವ ತನಕ ತುಳಿದ. ರಸ್ತೆಯಲ್ಲಿ ಲಾರಿ ನಿಂತಿತು. ಡ್ರೈವರ್ ಇಳಿದು, ಹಿಂದೆ ನೋಡಿ, “ಯಜಮಾನ್ರ, ಇನ್ನ ಬಿಚ್ರಿ” ಎಂದ.

ವಕೀಲರು ಬಂದದ್ದು ಕೆರೆಯ ಸುದ್ದಿ ಪೇಪರಿನಲ್ಲಿ ನೋಡಿ. ದಂಡೆಯ ಮೇಲೆ ನಿಂತು ನಿಜವಾಗಿಯೂ ಬಿಕ್ಕಿದರು. ಸತ್ತ ಮೂಕ ಜೀವಿಗಳಿಗಾಗಿ ಎಲ್ಲರೂ ತಲೆ ತಗ್ಗಿಸಿ ನಿಲ್ಲಬೇಕೆಂದರು. ಊರು ನಿಂತಿತು. ಸುದ್ದಿ ಕೇಳಿ ಗುಡಗೇರಿಯಿಂದ ಬಂದಿದ್ದ ಜುಲೇಖಾಬಿ ಮಾತ್ರ ತಲೆ ತಗ್ಗಿಸಲಿಲ್ಲ.

“ಇನ್ನೊಬ್ಬಾಂವ ಸತ್ತಾನ್ರಿ ವಕೀಲ್ರ” ಎಂದಳು. “ನೀವು ತುಟಿ ಬಗ್ಗೆ ಕೇಳಿದಾಗ ಅಂವನೂ ಮೂಕಾಗಿ ನಿಂತಿದ್ದ.”

ವಕೀಲರಿಗೆ ಯಾರೂ ಹೇಳಿರಲಿಲ್ಲ. ಪೇಪರಿನಲ್ಲಿ ಮೀನುಗಳ ಬಗ್ಗೆ ಮಾತ್ರ ಬಂದಿತ್ತು. ಅವರು ಕನ್ನಡಕ ತೆಗೆದು ಏರಿಯ ಕಲ್ಲಿನ ಮೇಲೆ ಕುಸಿದರು.

ಆಗ ಮುದಕಪ್ಪ ಮುಂದೆ ಬಂದ. ಕೊರಳಿನ ಸೀಟಿ ತೆಗೆದು ಅವರ ಮುಂದಿಟ್ಟ. “ಸಾಹೇಬ್ರ, ಅವತ್ತ ಮೀನಾ ನಾ ದಯಾದಿಂದ ಬಿಟ್ಟಿಲ್ರಿ. ಗಾಳ ನಂದ ಇತ್ರಿ. ನಮ್ಮ ಹೆಂಡ್ತಿ ಅಣ್ಣ ಬಂದಾ ಅಂತ ಅಂಜಿ ಒಗದೀನ್ರಿ. ನಾ ಬರೇ ಸುಳ್ಳು. ನಾ ಹೇಳಿದ್ದಕ್ಕ ಲಕ್ಕಪ್ಪನ್ನ ಹಿಡಕೊಂಡ ಹೋದ್ರು. ಇಲ್ಲಂದ್ರ ಅಂವ ಇಲ್ಲೆ ಕೂತು ಕೆರಿ ಕಾಯ್ತಿದ್ದ.”

ಮೈಲಾರವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

ವಕೀಲರು ಎದ್ದು ಅವನನ್ನು ಅಪ್ಪಿಕೊಂಡರು. “ನೋಡ್ರಿ” ಎಂದರು ಜನರಿಗೆ, “ದುಃಖದಾಗ ಮನುಷ್ಯಾ ತನ್ನ ಒಳ್ಳೇತನಾನೂ ಅಲ್ಲ ಅಂತಾನ. ಇಂಥಾ ಮಂದಿ ಎಲ್ಲಿ ಸಿಗ್ತಾರ?”

“ಇಲ್ರಿ, ಖರೇನ್ರಿ!” ಎಂದ ಮುದಕಪ್ಪ. ಜುಲೇಖಾಬಿ, “ಹೌದ್ರಿ, ಅಂವ ಖರೇ ಸುಳ್ಳ!” ಎಂದು ಸಾಕ್ಷಿ ಹೇಳಿದಳು. ವಕೀಲರು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡರು. ಸುಳ್ಳನ್ನು ನಂಬಿಸಲು ಒಂದು ಶಬ್ದ ಸಾಕಾಗಿತ್ತು. ಸತ್ಯವನ್ನು ನಂಬಿಸಲು ಇಬ್ಬರು ಕೂಗಿದರೂ ಆಗಲಿಲ್ಲ. ಮಂಡಳಿಯ ಮುಂದಿನ ಸಭೆಯಲ್ಲಿ ಬೋರ್ಡಿಗೆ ‘ಪಂಪು’ ಎಂಬ ಶಬ್ದ ಸೇರಿತು. ಅಷ್ಟೊತ್ತಿಗೆ ಕೆರೆಯಲ್ಲಿ ಕಪ್ಪೆಯೂ ಇರಲಿಲ್ಲ.

ಅಮೋಘಸಿದ್ದಪ್ಪ ಕನಿಕರವುಳ್ಳವನೆಂದು ಊರಲ್ಲಿ ಹೆಸರಾಯಿತು. ಗಂಡ ಹೋದ ತಾಯವ್ವನ ಕೈಬಿಡಬಾರದೆಂದು ಲಕ್ಕಪ್ಪನ ಕೆಲಸವನ್ನೇ ಆಕೆಗೆ ಕೊಟ್ಟ.

ಮುದಕಪ್ಪ ಅದನ್ನು ಕೇಳಿ ಅಂಗಡಿ ಮುಚ್ಚಿ ಹೊಲಕ್ಕೆ ಹೋದಾಗ ತಾಯವ್ವ ಬದುವಿನ ಮೇಲೆ ಕೂತು ಪಂಪಿನ ಪಟ್ಟಿಯನ್ನು ಹೆಗಲಿಗೆ ಹಾಕಿಕೊಳ್ಳುತ್ತಿದ್ದಳು. ಲಕ್ಕಪ್ಪನ ಅಳತೆಗೆ ಕಟ್ಟಿದ ಪಟ್ಟಿ ಅವಳಿಗೆ ಸಡಿಲವಾಗಿತ್ತು. ಮುದಕಪ್ಪ ಅವಳ ಬೆನ್ನಿನಿಂದ ಪಂಪು ಇಳಿಸಿ ತನ್ನ ಬೆನ್ನಿಗೆ ಏರಿಸಿದ.

“ಕೂಲಿ ನಿನಗ ಬರ್ತೈತಿ. ನಾ ಹೊಡಿತೀನಿ” ಎಂದ. ಪಟ್ಟಿ ಬಿಗಿ ಮಾಡಿಕೊಳ್ಳುತ್ತ, “ಅವತ್ತ ಆ ಮೀನಿನ ಸಂಗತಿ...” ಎಂದು ಶುರುಮಾಡಿದ.

“ಗೊತ್ತೈತಿ. ಅವತ್ತ ಮನಿಗೆ ಬಂದು ಹೇಳಿದ್ದ. ನಕ್ಕ ನಕ್ಕ ರೊಟ್ಟಿ ತಿನ್ನಾಕ ಆಗಿರ್ಲಿಲ್ಲ ಅಂವಗ.”

ಮುದಕಪ್ಪ ಹತ್ತಿಯ ಸಾಲಿಗೆ ಇಳಿದು ಹಿಡಿಕೆ ಒತ್ತಿದ. ಎಣ್ಣಿ ಹನಿಹನಿಯಾಗಿ ಎದ್ದು ಅವನ ಮುಖಕ್ಕೇ ಬಂತು. ಗಾಳಿಗೆ ಎದುರಾಗಿ ನಿಂತಿದ್ದ. ತಾಯವ್ವ ಅವನ ಭುಜ ಹಿಡಿದು ಗಾಳಿಗೆ ಬೆನ್ನಾಗುವಂತೆ ತಿರುಗಿಸಿ ನಿಲ್ಲಿಸಿದಳು. ಆಮೇಲೆ ಬದುವಿನ ಮೇಲಿದ್ದ ತನ್ನ ಹಳೆಯ ಸೀರೆಯ ತುಂಡೊಂದನ್ನು ಹರಿದು ಅವನ ಕೈಗೆ ಕೊಟ್ಟಳು.

“ಬಾಯಿಗೆ ಅರಿಬಿ ಕಟ್ಕೋ ಅಣ್ಣಾ” ಎಂದಳು. “ನಿನ್ನ ಮನ್ಯಾಗೂ ಒಬ್ಬಾಕಿ ಅದಾಳ.”